ಹಾಡುವವರಿಲ್ಲದ ಹಾಡು ಮತ್ತು ಮೆಂಫಿಸ್‌ನ ಒಂದು ಹಳೇ ಟಾಕೀಸು

ರಾತ್ರಿ ಕೋಡ್ ಬರೆಯುವಾಗ ಮಾತಿರುವ ಹಾಡು ಹಾಕಿಕೊಂಡರೆ ನನಗೆ ಕೆಲಸ ಸಾಗುವುದೇ ಇಲ್ಲ, ಮನಸ್ಸು ಸಾಹಿತ್ಯದ ಹಿಂದೆ ಹೋಗಿಬಿಡುತ್ತದೆ. ಹಾಗಾಗಿ ಬರೀ ವಾದ್ಯದ ಸಂಗೀತ ಹುಡುಕುವಾಗ ಸಿಕ್ಕಿದ್ದು 'ಗ್ರೀನ್ ಆನಿಯನ್ಸ್'. ಮೂರು ನಿಮಿಷವೂ ಇಲ್ಲದ ತುಣುಕು. ಅವತ್ತು ಕೋಡ್ ಅಲ್ಲೇ ಉಳಿಯಿತು, ನಾನು ಅದರ ಇತಿಹಾಸ ಓದುತ್ತಾ ಕೂತೆ :-)

ಊರು ಅಮೆರಿಕದ ದಕ್ಷಿಣದ ಮೆಂಫಿಸ್. ಜಿಮ್ ಸ್ಟೀವರ್ಟ್ ಎಂಬ ಬ್ಯಾಂಕ್ ನೌಕರ ಮತ್ತು ಅವನ ಅಕ್ಕ ಎಸ್ಟೆಲ್ ಆಕ್ಸ್‌ಟನ್ 1960ರಲ್ಲಿ ಮೆಕ್‌ಲೆಮೋರ್ ಅವೆನ್ಯೂದಲ್ಲಿದ್ದ ಹಳೇ ಸಿನಿಮಾ ಟಾಕೀಸೊಂದನ್ನು ಬಾಡಿಗೆಗೆ ಹಿಡಿದರು. ಸೀಟು ಕಿತ್ತು ಸ್ಟುಡಿಯೋ ಮಾಡಿದರು. ನೆಲದ ಇಳಿಜಾರು ಮಾತ್ರ ಹಾಗೇ ಉಳಿಯಿತು! ಮುಂಭಾಗದಲ್ಲಿ ಅಕ್ಕನ ರೆಕಾರ್ಡ್ ಅಂಗಡಿ. ಇಬ್ಬರೂ ಬಿಳಿಯರು, ಸುತ್ತಲಿನ ಬಡಾವಣೆಯಲ್ಲಿ ಹೆಚ್ಚಿನವರು ಕಪ್ಪು ಜನ. ಆ ಬಡಾವಣೆಯ ಹುಡುಗರೂ ಒಳಗೆ ಬಂದು ನುಡಿಸತೊಡಗಿದರು. ಇದೇ ಮುಂದೆ ಸ್ಟಾಕ್ಸ್ ರೆಕಾರ್ಡ್ಸ್ ಆಯಿತು.

ಆಗ ಮೆಂಫಿಸ್‌ನಲ್ಲಿ ಶಾಲೆ, ಹೋಟೆಲು, ನೀರಿನ ನಲ್ಲಿ ಎಲ್ಲವೂ ಬೇರೆ ಬೇರೆ. (ಬೇರೆ ಲೋಟದ ಊರುಗಳನ್ನು ಕಂಡ ನಮಗೆ ಇದನ್ನು ವಿವರಿಸಬೇಕಿಲ್ಲ ಬಿಡಿ.) 1961ರಲ್ಲಿ ಮಾರ್-ಕೀಸ್ ತಂಡದ 'ಲಾಸ್ಟ್ ನೈಟ್' ಬಂತು. ಆರ್ಗನ್, ಟ್ರಂಪೆಟ್, ಸ್ಯಾಕ್ಸೊಫೋನುಗಳದ್ದೇ ದರ್ಬಾರು. ರೆಕಾರ್ಡಿನಲ್ಲಿ ಎರಡೂ ಬಣ್ಣದವರು ನುಡಿಸಿದ್ದರು. ಆದರೆ ಊರೂರು ತಿರುಗಿ ಕಾರ್ಯಕ್ರಮ ಕೊಟ್ಟ ತಂಡದಲ್ಲಿ ಇದ್ದವರು ಬಿಳಿಯ ಹುಡುಗರು ಮಾತ್ರ.

ಇನ್ನು ಆ ಆರ್ಗನ್ ವಿಷಯ. ನಮ್ಮ ಹಾರ್ಮೋನಿಯಂಗೆ ತಿದಿ, ರೀಡು ಇದ್ದ ಹಾಗೆ ಹ್ಯಾಮಂಡ್ ಆರ್ಗನ್ನಿಗೆ ಹಲ್ಲುಚಕ್ರಗಳು. ಮೋಟಾರು ಅವನ್ನು ತಿರುಗಿಸುತ್ತದೆ, ಪಕ್ಕದಲ್ಲಿ ಸುರುಳಿ ಸುತ್ತಿದ ಅಯಸ್ಕಾಂತ. ಹಲ್ಲು ಹಾದುಹೋದಂತೆಲ್ಲ ಸುರುಳಿಯಲ್ಲಿ ವಿದ್ಯುತ್ ಏರಿಳಿಯುತ್ತದೆ, ಅದೇ ಸ್ವರ. ಎಂಜಿನಿಯರಿಂಗ್ ಓದಿದವರಿಗೆ ಜನರೇಟರ್ ನೆನಪಾದೀತು. ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ಇದನ್ನು ಮಾರುಕಟ್ಟೆಗೆ ತಂದಾಗ ದೊಡ್ಡ ಪೈಪ್ ಆರ್ಗನ್ ಕೊಳ್ಳಲಾಗದ ಚರ್ಚುಗಳು ಕೊಂಡವು. ಚರ್ಚಿನ ಆ ದನಿಯೇ ಕುಣಿತದ ಸಂಗೀತಕ್ಕೂ ಬಂತು.

1962ರ ಒಂದು ದಿನ ಗಾಯಕನ ರೆಕಾರ್ಡಿಂಗ್ ಕೈಕೊಟ್ಟು ಸ್ಟುಡಿಯೋ ಖಾಲಿ ಇತ್ತು. ಬುಕರ್ ಟಿ. ಜೋನ್ಸ್ (ಆಗ ಬರೀ 17 ವರ್ಷ), ಗಿಟಾರಿಗೆ ಸ್ಟೀವ್ ಕ್ರಾಪರ್, ಡ್ರಮ್ಸಿಗೆ ಆಲ್ ಜಾಕ್ಸನ್, ಬಾಸಿಗೆ ಲೂಯಿ ಸ್ಟೈನ್‌ಬರ್ಗ್ ಸುಮ್ಮನೆ ನುಡಿಸುತ್ತಿದ್ದರು. ಅದು ಚೆನ್ನಾಗಿದೆಯೆಂದು ರೆಕಾರ್ಡ್ ಆಯಿತು. ತಟ್ಟೆಯ ಇನ್ನೊಂದು ಬದಿ ತುಂಬಲು ಮಾಡಿದ್ದೇ 'ಗ್ರೀನ್ ಆನಿಯನ್ಸ್'. ರೇಡಿಯೋದವರು ತಿರುಗಿಸಿ ಹಾಕಿದ್ದೂ ಅದನ್ನೇ! ಕೆಲವು ವರ್ಷಗಳಲ್ಲಿ ಬಾಸಿಗೆ ಡಕ್ ಡನ್ ಬಂದ ಮೇಲೆ ಇಬ್ಬರು ಕಪ್ಪು, ಇಬ್ಬರು ಬಿಳಿಯ. ಟ್ರಂಪೆಟ್ಟಿನ ವೇಯ್ನ್ ಜಾಕ್ಸನ್ ಬಿಳಿಯ, ಸ್ಯಾಕ್ಸೊಫೋನಿನ ಆಂಡ್ರ್ಯೂ ಲವ್ ಕಪ್ಪು. ಇವರೆಲ್ಲ ಸೇರಿದರೆ ಓಟಿಸ್ ರೆಡಿಂಗ್ ಹಿಂದಿನ ಆ ದನಿ. ಕೇಳುವವರಿಗೆ ಯಾರ ಬೆರಳು ಯಾವ ಬಣ್ಣ ಎಂದು ಗೊತ್ತಾಗುವುದು ಹೇಗೆ?

ಇವರು ಒಟ್ಟಿಗೆ ಕೂರಬಹುದಾಗಿದ್ದ ಕೆಲವೇ ಜಾಗಗಳಲ್ಲಿ ಲೊರೇನ್ ಮೋಟೆಲ್ ಒಂದು. ಕ್ರಾಪರ್ ಮತ್ತು ಎಡ್ಡಿ ಫ್ಲಾಯ್ಡ್ 'ನಾಕ್ ಆನ್ ವುಡ್' ಬರೆದದ್ದು ಅಲ್ಲೇ. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬಿದ್ದದ್ದೂ ಅದೇ ಮೋಟೆಲಿನ ಬಾಲ್ಕನಿಯಲ್ಲಿ. ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೊಡಲು ಬಂದಿದ್ದರು. ಆಮೇಲೆ ಸ್ಟಾಕ್ಸ್‌ನೊಳಗೂ ಮೊದಲಿನ ಸಲುಗೆ ಉಳಿಯಲಿಲ್ಲ. 1975ರಲ್ಲಿ ಕಂಪನಿ ದಿವಾಳಿಯಾಯಿತು, 1989ರಲ್ಲಿ ಟಾಕೀಸನ್ನೂ ಕೆಡವಿದರು. 2003ರಲ್ಲಿ ಅದೇ ಜಾಗದಲ್ಲಿ ಮ್ಯೂಸಿಯಂ ತೆರೆಯಿತು.

ಸಂಗೀತ ಗೋಡೆಗಳನ್ನು ಕೆಡವುತ್ತದೆ ಅಂತ ಬರೆದು ಮುಗಿಸೋಣ ಅಂದುಕೊಂಡಿದ್ದೆ. ಆದರೆ ಹಾಗಾಗಲಿಲ್ಲವಲ್ಲ... ಒಂದು ಕೋಣೆಯೊಳಗೆ, ಕೆಲವು ವರ್ಷ, ಗೋಡೆ ಇರಲಿಲ್ಲ ಅಷ್ಟೇ. ಅದರ ದನಿ ಇನ್ನೂ ಕೇಳುತ್ತದೆ. ನೀವೂ ಒಮ್ಮೆ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಏನನ್ನಿಸಿತು ಹೇಳಿ.