‘ಮೊದಲು ಯಾರ ಹತ್ತಿರ ಹೋದಿರಿ?’: ಮುರುಗಮಲ್ಲದಿಂದ ಕಾಣುವ ಮನಶ್ಶಾಸ್ತ್ರದ ಚರಿತ್ರೆ

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಲ್ಲಿ ಮುಕ್ತೀಶ್ವರನ ಗುಡಿಯಿದೆ, ಅಮ್ಮಾಜಾನ್–ಬಾವಾಜಾನ್ ದರ್ಗಾ ಇದೆ. ದರ್ಗಾಕ್ಕೆ ಹರಕೆ ಹೊತ್ತು ಬರುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ‘ಗಾಳಿ ಸೋಕಿದೆ’, ‘ಮಾಟ ಮಾಡಿಸಿದ್ದಾರೆ’ ಎಂದು ಮನೆಯವರು ಕರೆತರುವವರೂ ಇರುತ್ತಾರೆ. ಅದೇ ಲಕ್ಷಣಗಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ಕಿಜೋಫ್ರೇನಿಯಾ, ಉನ್ಮಾದ, ಖಿನ್ನತೆ ಎಂಬ ಹೆಸರುಗಳಿವೆ. ಒಂದೇ ನೋವಿನ ಈ ಎರಡು ಭಾಷೆಗಳು ಒಂದನ್ನೊಂದು ಕೇಳಿಸಿಕೊಂಡದ್ದು ಯಾವಾಗ? ಕರ್ನಾಟಕದ ಮಟ್ಟಿಗೆ ಮನಶ್ಶಾಸ್ತ್ರ ಪಕ್ವವಾದದ್ದು, ರೋಗಿಯ ಮನೆಯವರನ್ನು ‘ಮೊದಲು ಯಾರ ಹತ್ತಿರ ಹೋದಿರಿ?’ ಎಂದು ಬೈಯದೆ ಕೇಳಲು ಕಲಿತಾಗ ಎಂಬುದು ಈ ಲೇಖನದ ವಾದ.

ಪ್ರಯೋಗಾಲಯ ಮತ್ತು ಆಸ್ಪತ್ರೆ

ವಿಲ್‌ಹೆಲ್ಮ್ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯ ತೆರೆದದ್ದು 1879ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಈ ಶಾಸ್ತ್ರದ ವಿಭಾಗ ಆರಂಭವಾದದ್ದು 1924ರಲ್ಲಿ. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ, ಮುಂದೆ ಮೈಸೂರಿನಲ್ಲಿ ‘ಆಕಾಶವಾಣಿ’ ಆರಂಭಿಸಿದವರೂ ಅವರೇ. ಈ ಪರಂಪರೆಗೆ ಮನಸ್ಸೆಂದರೆ ಬುದ್ಧಿ, ನೆನಪು, ಗಮನಗಳ ಅಳತೆ.

ಬೆಂಗಳೂರಿನ ದಾರಿ ಬೇರೆ. ಹತ್ತೊಂಬತ್ತನೆಯ ಶತಮಾನದ ಹುಚ್ಚಾಸ್ಪತ್ರೆ 1925ರಲ್ಲಿ ‘ಮಾನಸಿಕ ಆಸ್ಪತ್ರೆ’ಯಾಯಿತು. ಅದಕ್ಕೆ ಹೊಂದಿಕೊಂಡು 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಎಂ.ವಿ. ಗೋವಿಂದಸ್ವಾಮಿಯವರ ಮುಂದಾಳುತನದಲ್ಲಿ ಹುಟ್ಟಿತು. 1974ರ ಡಿಸೆಂಬರ್ 27ರಂದು ಎರಡೂ ಸೇರಿ ನಿಮ್ಹಾನ್ಸ್ ಆಯಿತು. ಈ ವಿದ್ಯೆ ಕನ್ನಡದಲ್ಲೂ ಬೇರೂರಿತ್ತೆಂಬುದಕ್ಕೆ ‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿ, ಅಂದರೆ ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಬಂದ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಾಕ್ಷಿ.

ಕೋಟದ ಸಮೀಕ್ಷೆ

ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಿದರೆ ಊರಿನ ಲೆಕ್ಕ ಸಿಗುವುದಿಲ್ಲ. ಇದನ್ನರಿತ ಆರ್.ಎಲ್. ಕಪೂರ್ ಮತ್ತು ಜಿ.ಎಂ. ಕಾರ್‌ಸ್ಟೇರ್ಸ್ ಕರಾವಳಿಯ ಕೋಟದಲ್ಲಿ ಬ್ರಾಹ್ಮಣ, ಬಂಟ, ಮೊಗವೀರ ಮನೆಗಳಿಗೇ ಹೋದರು. 124 ಲಕ್ಷಣಗಳನ್ನು ವಿಚಾರಿಸುವ ಪ್ರಶ್ನಾವಳಿಯನ್ನು ಭಾರತದ ಹಳ್ಳಿಗಾಗಿಯೇ ಸಿದ್ಧಪಡಿಸಲಾಯಿತು. 1976ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನ ನಾಟಿ ವೈದ್ಯ, ಮಂತ್ರವಾದಿ, ದೈವ ಮೈಮೇಲೆ ಬರುವ ಪಾತ್ರಿಗಳನ್ನು ಮೂಢನಂಬಿಕೆಯ ಖಾತೆಗೆ ತಳ್ಳಲಿಲ್ಲ. ಜನ ಪರಿಹಾರ ಹುಡುಕಿ ಹೋಗುವ ದಾರಿಗಳೆಂದು ದಾಖಲಿಸಿತು.

31 ಜನ, ಆರು ವಾರ

ಗುಡಿ–ದರ್ಗಾಗಳಲ್ಲಿ ತಂಗಿದರೆ ಗುಣವಾಗುತ್ತದೆಯೇ? ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯೊಂದರಲ್ಲಿ ಇದನ್ನು ಅಳೆದು ನೋಡಿ 2002ರಲ್ಲಿ ಪ್ರಕಟಿಸಿದರು. ಗುಡಿಯಲ್ಲಿ ತಂಗಿದ್ದ 31 ಜನರಲ್ಲಿ ಹೆಚ್ಚಿನವರಿಗೆ ಸ್ಕಿಜೋಫ್ರೇನಿಯಾ ಇತ್ತು. ಬಂದ ದಿನ ಮತ್ತು ಹೊರಡುವ ದಿನ ಒಂದೇ ಮಾಪಕದಿಂದ ಲಕ್ಷಣಗಳಿಗೆ ಅಂಕ ಕೊಡಲಾಯಿತು. ಸರಾಸರಿ ಆರು ವಾರದ ವಾಸ. ಔಷಧವಿಲ್ಲ, ಗುಡಿಯ ಸಣ್ಣಪುಟ್ಟ ಕೆಲಸ, ಜೊತೆಗೊಬ್ಬ ಮನೆಯವರು. ಅಂಕ ಸುಮಾರು ಶೇ. 20ರಷ್ಟು ಇಳಿದಿತ್ತು.

ಸಂಶೋಧನಾ ವಿಧಾನದ ಮೊದಲ ಪಾಠ ಇಲ್ಲಿಯೇ ಇದೆ. ಗುಡಿಗೆ ಹೋಗದೆ ಮನೆಯಲ್ಲೇ ಉಳಿದ ಅಂಥದೇ 31 ಜನರ ಹೋಲಿಕೆ ಈ ಅಧ್ಯಯನದಲ್ಲಿಲ್ಲ. ಕಾಯಿಲೆ ಅತಿಯಾಗಿ ಕೆರಳಿದಾಗಲೇ ಮನೆಯವರು ಹೊರಡುವುದು. ಆ ತುದಿಯಿಂದ ಕೆಲವರು ಏನೂ ಮಾಡದಿದ್ದರೂ ಒಂದಿಷ್ಟು ಇಳಿಯುತ್ತಾರೆ. ಹಾಗಾಗಿ ಗುಣ ಕಂಡಿತು ಎನ್ನಬಹುದು. ಗುಡಿಯಿಂದಲೇ ಗುಣವಾಯಿತು ಎನ್ನಲಾಗದು. ಮುರುಗಮಲ್ಲದಿಂದ ‘ವಾಸಿಯಾಗಿ ಬಂದ’ ಮಾತಿಗೂ ಈ ಎಚ್ಚರ ಸಲ್ಲುತ್ತದೆ, ಆಸ್ಪತ್ರೆಯ ಹೊಗಳಿಕೆಗೂ ಸಲ್ಲುತ್ತದೆ.

ಸರಪಳಿ, ಕಾಯ್ದೆ, ಮದ್ದು

ನಂಬಿಕೆಯ ನೆರಳಿನಲ್ಲಿ ಕ್ರೌರ್ಯವೂ ನಡೆದಿದೆ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿ ದರ್ಗಾದ ಆಸುಪಾಸಿನ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ ರೋಗಿಗಳು ಓಡಲಾಗದೆ 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ಯಾವ ರೂಪದಲ್ಲೂ ಒಪ್ಪುವುದಿಲ್ಲ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ 2008ರಿಂದ ಇನ್ನೊಂದು ಬಗೆಯ ಪ್ರಯತ್ನ ನಡೆಯಿತು: ‘ದವಾ’ ಮತ್ತು ‘ದುವಾ’, ಮದ್ದು ಮತ್ತು ಪ್ರಾರ್ಥನೆ ಅಕ್ಕಪಕ್ಕದಲ್ಲೇ.

ರೋಗನಿದಾನದ ಶಾಸ್ತ್ರವೂ ನಂಬಿಕೆಯನ್ನೂ ರೋಗವನ್ನೂ ಬೇರೆಬೇರೆಯಾಗಿ ನೋಡುತ್ತದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ‘ಮೈಮೇಲೆ ಬರುವ’ ಸ್ಥಿತಿಗೆ ಜಾಗವಿದೆ. ಆದರೆ ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿ ಬರುವುದನ್ನು ಅದು ರೋಗವೆನ್ನುವುದಿಲ್ಲ. ಬೇಡವೆಂದರೂ ಬಂದು ಬದುಕನ್ನು ಕೆಡಿಸಿದರೆ ಮಾತ್ರ ರೋಗ.

ಉಪಸಂಹಾರ

ದರ್ಗಾ ಮನೆಯವರನ್ನು ಜೊತೆಗಿರಿಸುತ್ತದೆ, ನಾಚಿಕೆಯನ್ನು ಕಳೆಯುತ್ತದೆ. ಆದರೆ ಸ್ಕಿಜೋಫ್ರೇನಿಯಾದಲ್ಲಿ ಔಷಧ ತಡವಾದಷ್ಟೂ ಚೇತರಿಕೆ ಕಷ್ಟ. ಆದ್ದರಿಂದ ದರ್ಗಾ ಸರಿಯೋ ಆಸ್ಪತ್ರೆ ಸರಿಯೋ ಎಂಬ ಜಗಳಕ್ಕಿಂತ ನಡುವಿನ ತಿಂಗಳುಗಳ ಲೆಕ್ಕ ಮುಖ್ಯ. ಆ ಲೆಕ್ಕ ಮನೆಯವರ ಬಾಯಿಂದಲೇ ಬರಬೇಕು. ಬೈದರೆ ಅವರು ಮುರುಗಮಲ್ಲದ ಹೆಸರನ್ನೇ ಎತ್ತುವುದಿಲ್ಲ. ಕಳೆದ ತಿಂಗಳುಗಳು ರೋಗಿಯ ಕಡತಕ್ಕೆ ಏರುವುದೂ ಇಲ್ಲ.