ಓವನ್ ವೆಸ್ಟ್ ಯಾರು?

ವರ್ಗವಾಗಿ ಮುಂಬಯಿಗೆ ಬಂದ ನಮ್ಮಂಥ ಬ್ಯಾಂಕಿನವರಿಗೆ ಫ್ಲೋರಾ ಫೌಂಟನ್ ಫುಟ್‌ಪಾತೇ ಗ್ರಂಥಾಲಯವಾಗಿತ್ತು. ಅಲ್ಲಿ ನಾನು ಕೊಂಡ ಹಳೇ ಇಂಗ್ಲಿಷ್ ಪುಸ್ತಕಗಳಲ್ಲಿ ಒಂದು 'ದಿ ಫನ್‌ಹೌಸ್'. ಜಾತ್ರೆಯ ಭೂತಬಂಗಲೆಯೊಳಗೆ ಸಿಕ್ಕಿಬಿದ್ದ ಹುಡುಗ ಹುಡುಗಿಯರ ಕಥೆ. ಟೋಬಿ ಹೂಪರ್ ಸಿನಿಮಾದ ಚಿತ್ರಕಥೆಯನ್ನು ಹಿಗ್ಗಿಸಿ ಬರೆದ ಕಾದಂಬರಿ. ಪುಸ್ತಕ 1980ರದು, ಸಿನಿಮಾ ತೆರೆಗೆ ಬಂದದ್ದು 1981ರಲ್ಲಿ. ಲೇಖಕರ ಹೆಸರು ಓವನ್ ವೆಸ್ಟ್.

ಸಿನಿಮಾದ ಜೊತೆಗೆ ಮಾರಲೆಂದೇ ಬರೆಸುವ ಇಂಥ ಪುಸ್ತಕಗಳ ಲೇಖಕರನ್ನು ಯಾರು ಕೇಳ್ತಾರೆ? ಅಮೆರಿಕದಲ್ಲಿ 1978ರಿಂದ ಜಾರಿಯಲ್ಲಿರುವ ಕಾಪಿರೈಟ್ ಕಾನೂನಿನ ಪ್ರಕಾರ, ಸಂಭಾವನೆ ಕೊಟ್ಟು ಕರಾರಿನ ಮೇಲೆ ಬರೆಸಿದ ಕೃತಿಗೆ ಬರೆಸಿದವರೇ ಗ್ರಂಥಕರ್ತರಾಗಬಹುದು. ಆದರೆ ಚೆಕ್ಕಿನ ಸಹಿ ತಾಳೆ ನೋಡಿ ನೋಡಿ ಕಣ್ಣು ಪಳಗಿದವನು ನಾನು. ಇಷ್ಟು ನುರಿತ ಕೈ ಹೊಸಬನದಲ್ಲ ಅನ್ನಿಸಿತು.

ಹುಡುಕಿದಾಗ ಅದೇ ಹೆಸರಿನಲ್ಲಿ 1981ರ 'ದಿ ಮಾಸ್ಕ್' ಸಿಕ್ಕಿತು. ಆಮೇಲೆ ಎರಡೂ ಪುಸ್ತಕಗಳ ಮರುಮುದ್ರಣ ನೋಡಿದೆ. ರಕ್ಷಾಪುಟದ ಮೇಲೆ ಬೇರೆಯೇ ಹೆಸರು: ಡೀನ್ ಕೂಂಟ್ಸ್! ಅಷ್ಟು ಹೊತ್ತಿಗೆ ಅವರು ಲಕ್ಷಗಟ್ಟಲೆ ಪ್ರತಿ ಮಾರುವ ಲೇಖಕರು. 'ದಿ ಫನ್‌ಹೌಸ್' ಮರುಮುದ್ರಣದ ಕೊನೆಯ ಮಾತಿನಲ್ಲಿ ಅವರೇ ಗುಟ್ಟು ಬಿಟ್ಟುಕೊಟ್ಟಿದ್ದಾರೆ. ಚಿತ್ರಕಥೆಯ ಸರಕು ಒಂದು ಕಾದಂಬರಿಗೆ ಸಾಲದು, ಹಾಗಾಗಿ ಪುಸ್ತಕದ ಬಹುಪಾಲು ಅವರ ಸ್ವಂತ ಕಲ್ಪನೆ. ಲೀ ನಿಕೋಲ್ಸ್, ಬ್ರಯನ್ ಕಾಫಿ ಕೂಡ ಅವರೇ. ಒಬ್ಬ ಲೇಖಕ ಹಲವು ಬಗೆಯ ಕಥೆ ಬರೆದರೆ ಓದುಗರು ಗೊಂದಲಗೊಳ್ತಾರೆ ಅಂತ ಪ್ರಕಾಶನದವರ ಅಂಬೋಣವಾಗಿತ್ತಂತೆ.

ಕಾವ್ಯನಾಮ ನಮಗೇನೂ ಹೊಸತಲ್ಲ. ಬೇಂದ್ರೆಯವರು ಸೊಲ್ಲಾಪುರದಲ್ಲಿ ಪಾಠ ಹೇಳುತ್ತಿದ್ದಾಗಲೂ ಅಂಬಿಕಾತನಯದತ್ತರೇ. ಆದರೆ ಅದು ತಾಯಿಯ ಹೆಸರನ್ನು ಹೊತ್ತ ನಾಮ, ಒಳಗೆ ಯಾರಿದ್ದಾರೆಂದು ಊರಿಗೆಲ್ಲ ಗೊತ್ತು. ಓವನ್ ವೆಸ್ಟ್ ಹಾಗಲ್ಲ, ಅದು ದುಡಿದವನನ್ನು ಮರೆಮಾಡುವ ಹೆಸರು.

ಪರಊರಿಗೆ ಬಂದವರಿಗೆ ಇಂಥ ಹೆಸರು ಬೇಗ ಅಂಟಿಕೊಳ್ಳುತ್ತೆ. ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತ ನಮ್ಮ ಕರಾವಳಿಯ ಹುಡುಗರು ಮುಂಬಯಿಯಲ್ಲಿ ಸಾವಿರಾರು ಮಂದಿ. ಗಿರಾಕಿಗಳ ಬಾಯಲ್ಲಿ ಅವರೆಲ್ಲ ಬರೀ 'ಮದ್ರಾಸಿ'. ಕೂಂಟ್ಸ್‌ಗೆ ಕೀರ್ತಿ ಬಂತು, ಹೆಸರನ್ನು ವಾಪಸು ಪಡೆದರು. ಕೀರ್ತಿ ಬಾರದವರ ಹೆಸರನ್ನು ಕೇಳಿ ತಿಳಿಯುವ ಕೆಲಸ ನಮ್ಮದೇ ಅಲ್ವೇ?