ಬಡಾವಣೆಯ ಯೋಜನೆಯಲ್ಲಿ ನಿವಾಸಿಯ ಪಾಲು

ನಗರಯೋಜನೆಯಲ್ಲಿ ನಾಗರಿಕರು ಪಾಲ್ಗೊಳ್ಳುವುದೆಂದರೆ ಮೇಲ್ಸೇತುವೆಯೊಂದು ಬರುವಾಗ ಬೀದಿಗಿಳಿದು ಬೇಡವೆನ್ನುವುದೇ ಎಂಬ ಭಾವನೆ ಬೆಂಗಳೂರಿನಲ್ಲಿ ಈಚೆಗೆ ಬೇರೂರಿದೆ. 2016ರ ಅಕ್ಟೋಬರಿನಲ್ಲಿ ಉಕ್ಕಿನ ಸೇತುವೆಯ ವಿರುದ್ಧ ನಿಂತ ಮಾನವ ಸರಪಳಿಯೂ, ಮರುವರ್ಷ ಸರ್ಕಾರವು ಆ ಯೋಜನೆಯನ್ನು ಕೈಬಿಟ್ಟುದೂ ಅಲ್ಪಸಾಧನೆಯಲ್ಲ. ಆದರೆ ಅದನ್ನೇ ಈ ಕ್ಷೇತ್ರದ ಚರಿತ್ರೆಯೆಂದು ಬಗೆಯುವವರು, ತಮ್ಮ ಬೀದಿಯ ಚರಂಡಿಗೆ ಮಂಜೂರಾದ ಹಣವೆಷ್ಟೆಂದು ಕೇಳುತ್ತ ಬಂದ ನಿರಾಡಂಬರ ಪರಂಪರೆಯೊಂದನ್ನು ಮರೆತಿದ್ದಾರೆ.

ಆರಂಭದ ಕಥೆ ಸಂಕ್ಷಿಪ್ತವಾದುದು. 1898ರ ಪ್ಲೇಗಿನ ತರುವಾಯ ತುಂಬತೊಡಗಿದ ಬಸವನಗುಡಿ, ಮಲ್ಲೇಶ್ವರಗಳು ಮೈಸೂರು ಸಂಸ್ಥಾನದ ಅಧಿಕಾರಿಗಳ ಸಂಕಲ್ಪದ ಫಲ. 1945ರ ನಗರ ಸುಧಾರಣಾ ಟ್ರಸ್ಟ್ ಬೋರ್ಡಾಗಲಿ 1976ರ ಅಭಿವೃದ್ಧಿ ಪ್ರಾಧಿಕಾರವಾಗಲಿ ನಿವಾಸಿಯನ್ನು ಸೈಟಿನ ಅರ್ಜಿದಾರನೆಂದು ಕಂಡಿತೇ ಹೊರತು ಆಲೋಚನೆಯಲ್ಲಿ ಜೊತೆಗಾರನೆಂದು ಕಾಣಲಿಲ್ಲ. 1961ರ ಯೋಜನಾ ಕಾಯಿದೆ, ನಕ್ಷೆ ಸಿದ್ಧವಾದ ಮೇಲೆ ಅಭಿಪ್ರಾಯ ಹೇಳಲು ಅವಕಾಶವಿತ್ತಿತು. ಅಡಿಗೆಯಾದ ಮೇಲೆ ಉಪ್ಪಿನ ವಿಚಾರ ಕೇಳಿದಂತೆ.

1992ರ 74ನೆಯ ತಿದ್ದುಪಡಿಯು 3 ಲಕ್ಷಕ್ಕೆ ಕಡಮೆಯಿಲ್ಲದ ಜನಸಂಖ್ಯೆಯ ಪಟ್ಟಣಗಳಲ್ಲಿ ವಾರ್ಡು ಸಮಿತಿಗಳನ್ನು ವಿಧಿಸಿದ ಬಳಿಕವಷ್ಟೇ ನಮ್ಮ ತಲೆಮಾರಿಗೆ ನಿಜವಾದ ಕೆಲಸ ದೊರೆಯಿತು. 1999ರಲ್ಲಿ ಸರ್ಕಾರವು ಬೆಂಗಳೂರಿಗಾಗಿ ರಚಿಸಿದ ಕಾರ್ಯಪಡೆಯಲ್ಲಿ ಆರಿಸಿ ಕೂಡಿಸಿದ ಗಣ್ಯರಿದ್ದರು. ಗಣ್ಯರ ಔದಾರ್ಯವನ್ನು ನಾಗರಿಕರ ಅಧಿಕಾರವೆನ್ನಲು ನಾನು ಒಪ್ಪಲಾರೆ. 2001ರಲ್ಲಿ ರಮೇಶ್ ಮತ್ತು ಸ್ವಾತಿ ರಾಮನಾಥನ್ ಅವರು ಆರಂಭಿಸಿದ ಜನಾಗ್ರಹ ಸಂಸ್ಥೆಯ ವಾರ್ಡು ಕಾಮಗಾರಿ ಆಂದೋಲನದ ಬಗೆ ಬೇರೆ. ಚಪ್ಪಡಿ ಕುಸಿದ ಚರಂಡಿ ಮೊದಲೋ, ನೆಟ್ಟಗಿರುವ ರಸ್ತೆಯ ಮೇಲೆ ಮತ್ತೊಂದು ಪದರ ಡಾಂಬರು ಮೊದಲೋ ಎಂದು ಕಾಮಗಾರಿ ಪಟ್ಟಿಯನ್ನು ಮುಂದೆ ಹರಡಿಕೊಂಡು ತರ್ಕಿಸುತ್ತ, ಇಂಜಿನಿಯರರಿಂದ ಅಂದಾಜುಪಟ್ಟಿ ಕೇಳಿ ಪಡೆದು, ಜಲ್ಲಿ ಸಿಮೆಂಟುಗಳ ದರವನ್ನು ನಿವೃತ್ತ ಗುಮಾಸ್ತರೂ ಗೃಹಿಣಿಯರೂ ಓದಲು ಕಲಿತ ಆ ಸಂಜೆಗಳಲ್ಲಿ, ಘೋಷಣೆಗಳಿಗಿಂತ ಹೆಚ್ಚಿನ ಪೌರಶಿಕ್ಷಣ ನಡೆಯಿತೆಂಬುದು ನನ್ನ ದೃಢವಾದ ಅಭಿಪ್ರಾಯ. ಹಣದ ಲೆಕ್ಕ ತಿಳಿದವನಿಗೆ ನಕ್ಷೆಯೂ ತಿಳಿಯುತ್ತದೆ. 2007ರ ಮಹಾಯೋಜನೆಯು ವಸತಿಬೀದಿಗಳಿಗೆ ಅಂಗಡಿಮುಂಗಟ್ಟುಗಳನ್ನು ಬಿಟ್ಟುಕೊಂಡಾಗ ಬಡಾವಣೆಯ ಸಂಘಗಳು ವಲಯ ನಿಯಮಗಳನ್ನೇ ಹಿಡಿದು ವಾದಿಸಿದುದು ಇಂಥ ಅಭ್ಯಾಸದಿಂದಲೇ ಸಾಧ್ಯವಾಯಿತು. 2017ರಲ್ಲಿ ಪ್ರಕಟವಾಗಿ ಮೂರು ವರ್ಷಗಳೊಳಗೆ ಹಿಂತೆಗೆಯಲ್ಪಟ್ಟ ಕರಡು ಯೋಜನೆಯ ವಿಷಯದಲ್ಲಿ ಹೆಚ್ಚು ಹೇಳುವಂಥದೇನೂ ಇಲ್ಲ.

ರಾಜ್ಯದ ಪಾಲಿಕೆ ಕಾಯಿದೆಗೆ ತಂದ 2011ರ ತಿದ್ದುಪಡಿಯು ಪ್ರತಿ ವಾರ್ಡಿಗೂ ಒಂದು ಸಮಿತಿಯನ್ನು ವಿಧಿಸಿತು. ತ್ಯಾಜ್ಯ ವಿಲೇವಾರಿಯ ಮೊಕದ್ದಮೆಯಲ್ಲಿ ಉಚ್ಚ ನ್ಯಾಯಾಲಯವು ಒತ್ತಾಯಿಸುವವರೆಗೂ ಪಾಲಿಕೆಯು ಅದನ್ನು ಗಂಭೀರವಾಗಿ ಪರಿಗಣಿಸಲಿಲ್ಲ. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದು, ಚುನಾವಣೆಯಿಲ್ಲದೆ ವರ್ಷಗಳುರುಳಿದಾಗ, ಸಮಿತಿಯ ಹೊಣೆ ಅಧಿಕಾರಿಗಳ ಪಾಲಾಯಿತು. ಆ ಸಮಿತಿಗಳಲ್ಲಿಯೂ ಸದಸ್ಯರು ನಾಮನಿರ್ದೇಶನಗೊಂಡವರು. ನಿವಾಸಿಗಳ ಸಂಘಗಳಿಗೆ ಸ್ಥಾನವಿತ್ತು, ಆದರೆ ಮನೆಯ ಒಡೆಯರನ್ನಲ್ಲದೆ ಬಾಡಿಗೆದಾರರನ್ನು ಸೇರಿಸಿಕೊಳ್ಳದ ಸಂಘಗಳೇ ಅವುಗಳಲ್ಲಿ ಬಹಳ. ಔಟ್‌ಹೌಸಿನಲ್ಲಿರುವ ಬಾಡಿಗೆದಾರನೂ, ರಾಜಕಾಲುವೆಯ ಅಂಚಿನ ಗುಡಿಸಲಿನವಳೂ ಮಾತನಾಡಬಹುದಾಗಿದ್ದ ಸ್ಥಳವೆಂದರೆ, ಅದೇ ತಿದ್ದುಪಡಿಯು ಪ್ರದೇಶದ ಮತದಾರರೆಲ್ಲರಿಗಾಗಿ ಕಲ್ಪಿಸಿದ ಏರಿಯಾ ಸಭೆಯೇ. 2025ರಲ್ಲಿ ನಗರವು ಐದು ಪಾಲಿಕೆಗಳಾಗಿ ಒಡೆದಾಗ ಗಡಿಗಳನ್ನು ಕುರಿತು ಬಿರುಸಾದ ವಾದಗಳು ನಡೆದವು; ಈ ಸಭೆಯನ್ನು ಕರೆಯಬೇಕೆಂದು ಪಟ್ಟುಹಿಡಿದವರು, ನಮ್ಮ ಸಂಘಗಳಲ್ಲಿಯೂ, ಅತಿ ವಿರಳ.